ಮನೆಗೆ ಉಳಿಯುವ ಮಾತು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿದಾಗ ಸಾಫ್ಟ್‌ವೇರ್ ಕ್ಷೇತ್ರದ ಉದ್ಯೋಗಾವಕಾಶಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಹೇಳಿದ್ದರು. ಆ ವಿಷಯವನ್ನು ಇಲ್ಲಿರುವ ಮಕ್ಕಳು ಮೊಬೈಲಿನಲ್ಲಿ ಆಗಲೇ ನೋಡಿಕೊಂಡಿರುತ್ತಾರೆ. ಊಟದ ಹೊತ್ತಿನಲ್ಲಿ ಯಾರು ಬೇಕಾದರೂ ಬಂದು ಕೇಳಿ, ನನಗೆ ಗೊತ್ತಿರುವುದನ್ನೆಲ್ಲ ಹೇಳುತ್ತೇನೆ. ಈ ಹತ್ತು ನಿಮಿಷವನ್ನು ಮಾತ್ರ ಬೇರೆ ಮಾತಿಗೆ ಬಳಸಿಕೊಳ್ಳಲು ಅನುಮತಿ ಕೇಳುತ್ತೇನೆ. ಮನೆಯೊಳಗೆ ನಾವು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತೇವೆ ಎನ್ನುವ ಮಾತು ಅದು. ಉಪದೇಶ ಮಾಡುವ ವಯಸ್ಸೂ ನನ್ನದಲ್ಲ, ಯೋಗ್ಯತೆಯೂ ಇಲ್ಲ. ತಪ್ಪು ಮಾಡಿದವನಾಗಿ ಹೇಳುತ್ತಿದ್ದೇನೆ. ಅಪ್ಪ ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಕೊಂಡೇ ಬಂದಿದ್ದೇನೆ. "ಹೇಳ್ಕೊ ಹೋಗು, ನಂದೇನು ಹೋಗೋದೈತೆ" ಎಂದಿದ್ದಾರೆ.

ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ್ದು 2001ರಲ್ಲಿ. ಆಗ ಹೈಸ್ಕೂಲಿಗೆ ಬಿಸಿಯೂಟ ಬಂದಿರಲಿಲ್ಲ, ಸರ್ಕಾರದ ಸೈಕಲ್ಲೂ ಇರಲಿಲ್ಲ. ಬುತ್ತಿ ಕಟ್ಟಿಸಿಕೊಂಡು ಕೆರೆ ಏರಿ ಮೇಲೆ ನಡೆದು ಬರುತ್ತಿದ್ದೆವು. ಹತ್ತನೇ ತರಗತಿಯಲ್ಲಿದ್ದಾಗ ಒಂದು ಸೋಮವಾರ ನಮ್ಮ ಕನ್ನಡ ಮೇಷ್ಟ್ರು ಪುಸ್ತಕ ತೆರೆಯದೆ ಒಂದು ಪ್ರಶ್ನೆ ಕೇಳಿದರು. "ನಿನ್ನೆ ರಾತ್ರಿ ನಿಮ್ಮನೇಲಿ ಎಲ್ಲರಿಗಿಂತ ಕಡೆಗೆ ಉಂಡೋರು ಯಾರು?" ಎಲ್ಲರೂ ಕೈ ಎತ್ತಿದೆವು. ಸುಲಭದ ಪ್ರಶ್ನೆ, ಎಲ್ಲರದೂ ಒಂದೇ ಉತ್ತರ. ಆಮೇಲೆ ಕೇಳಿದರು: "ಅವರಿಗೆ ಸಾರು ಉಳಿದಿತ್ತಾ?" ಒಂದು ಕೈಯೂ ಮೇಲೇಳಲಿಲ್ಲ. ಮೇಷ್ಟ್ರು ಬೇರೇನೂ ಹೇಳದೆ ಪಾಠ ಶುರು ಮಾಡಿದರು. ಅವತ್ತಿನ ಪಾಠ ಯಾವುದೆಂದು ನನಗೆ ನೆನಪಿಲ್ಲ, ಮೇಷ್ಟ್ರು ಕ್ಷಮಿಸಬೇಕು.

ಆ ರಾತ್ರಿ ನಾನು ಉಂಡ ಮೇಲೂ ಎದ್ದು ಹೋಗದೆ ಅಡುಗೆಮನೆ ಬಾಗಿಲಲ್ಲಿ ಕೂತೆ. ಅವ್ವ ಸಾರಿನ ಪಾತ್ರೆಯನ್ನು ವಾರೆ ಮಾಡಿ, ತಳದಲ್ಲಿದ್ದ ಎರಡು ಸೌಟು ಬಗ್ಗಿಸಿಕೊಂಡು, ಅದು ಸಾಲದೆ ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ಉಂಡಳು. ಅವತ್ತು ನಾನು ಮೂರು ಸಲ ಸಾರು ಬಿಡಿಸಿಕೊಂಡಿದ್ದೆ. ಆಮೇಲಿಂದ ಎರಡನೇ ಸಲ ಬಿಡಿಸಿಕೊಳ್ಳುವ ಮುಂಚೆ ಪಾತ್ರೆಯೊಳಗೆ ಬಗ್ಗಿ ನೋಡುವುದು ಅಭ್ಯಾಸವಾಯಿತು. "ಏನ್ಲಾ ನೊಣ ಬಿದ್ದೈತಾ?" ಎಂದು ಅವ್ವ ಬೈಯುತ್ತಿದ್ದಳು. ಪಿಯುಸಿಗೆಂದು ಊರು ಬಿಟ್ಟೆ, ಹಾಸ್ಟೆಲ್ ಸೇರಿದೆ. ಆ ಅಭ್ಯಾಸ ತಪ್ಪಿಹೋಯಿತು.

ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಬೇರೆ ಒಂದು ವಿದ್ಯೆ ಕಲಿಸಿದರು. ಎದುರಿಗಿರುವವರು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೂ ನಾಲ್ಕನೇ ಸಲ "ಒಳ್ಳೆಯ ಪ್ರಶ್ನೆ" ಎನ್ನಬೇಕು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಸಿಕ್ಕರೆ "ಇದು ತಪ್ಪು" ಎನ್ನಬಾರದು, "ಇದನ್ನು ಹೀಗೂ ಮಾಡಬಹುದೇ, ಬಿಡುವಾದಾಗ ನೋಡಿ" ಎಂದು ಬರೆಯಬೇಕು. ಇದು ನಾಟಕವೇನಲ್ಲ, ಒಳ್ಳೆಯ ಪದ್ಧತಿಯೇ. ಒಟ್ಟಿಗೆ ಕೆಲಸ ಆಗಬೇಕಾದರೆ ಅದು ಬೇಕು. ನಾನು ಅದರಲ್ಲಿ ಪಳಗಿಬಿಟ್ಟೆ. ಒಂದು ದಿನ ನನ್ನಾಕೆ ಕೇಳಿದಳು: "ಮೀಟಿಂಗಲ್ಲಿ ಅಷ್ಟು ಚೆನ್ನಾಗಿ ಮಾತಾಡ್ತಾರಲ್ಲ, ಆ ಮನುಷ್ಯ ಸಂಜೆ ಆರರ ಮೇಲೆ ಎಲ್ಲಿಗೆ ಹೋಗ್ತಾರೆ?" ನಕ್ಕು ಸುಮ್ಮನಾದೆ. ಅವಳು ತಮಾಷೆಗೆ ಹೇಳಿರಲಿಲ್ಲ ಎಂದು ಗೊತ್ತಾಗಲು ಇನ್ನೊಂದು ಸಂಗತಿ ನಡೆಯಬೇಕಾಯಿತು.

2022ರಲ್ಲಿ ಪಿಎಂ ಕಿಸಾನ್ ಹಣಕ್ಕೆ ಇ-ಕೆವೈಸಿ ಕಡ್ಡಾಯವಾಯಿತು. ಇಲ್ಲಿರುವ ರೈತರಿಗೆ ನಾನು ವಿವರಿಸಬೇಕಾಗಿಲ್ಲ. ವರ್ಷಕ್ಕೆ 6000 ರೂಪಾಯಿ, 2000ದಂತೆ ಮೂರು ಕಂತು. ಅಪ್ಪ ಹೋಬಳಿಗೆ ಹೋಗಿ ಬೆರಳು ಒತ್ತಿದರು. ಮಿಷನ್ನು ಒಪ್ಪಲಿಲ್ಲ. ಐವತ್ತು ವರ್ಷ ಗುದ್ದಲಿ, ನೇಗಿಲು, ಹಗ್ಗ ಹಿಡಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಹತ್ತೂ ಬೆರಳು ಒತ್ತಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿಸಿ, ಕಡೆಗೆ ಅಲ್ಲಿದ್ದ ಹುಡುಗ "ಒಟಿಪಿಯಲ್ಲಿ ಮಾಡೋಣ ಯಜಮಾನ್ರೇ" ಎಂದನಂತೆ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ನಂಬರು ನನ್ನದು! ಅಪ್ಪನ ಹತ್ತಿರ ಆಗ ಫೋನ್ ಇರಲಿಲ್ಲವೆಂದು ಹಿಂದೆ ಯಾವಾಗಲೋ ನಾನೇ ಕೊಟ್ಟಿದ್ದೆ.

ಅಪ್ಪ ಫೋನ್ ಮಾಡಿದರು. ಆರು ಅಂಕಿ ಹೇಳಿದೆ. ಅಲ್ಲಿಯ ಗದ್ದಲದಲ್ಲಿ ಅವರಿಗೆ ಏಳು ಎಂಬುದು ಎರಡು ಎಂದು ಕೇಳಿಸಿತು. ಎರಡನೇ ಸಲ ನಾನು ಫೋನ್ ಎತ್ತುವುದು ತಡವಾಗಿ ಒಟಿಪಿಯ ಅವಧಿ ಮುಗಿಯಿತು. ಮೂರನೇ ಸಲ ಮಾಡಿದಾಗ ನಾನಂದೆ: "ಎಷ್ಟು ಸಲ ಹೇಳೋದಪ್ಪ? ಇಷ್ಟೂ ಗೊತ್ತಾಗಲ್ವಾ? ನಾನು ಕೆಲಸ ಮಾಡೋದು ಬೇಡ್ವಾ?" ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಬುಡ್ಲಾ" ಎಂದು ಫೋನ್ ಇಟ್ಟರು. ಅದಕ್ಕೆ ಅರ್ಧ ಗಂಟೆ ಮುಂಚೆ ನಾನು ಹೊರದೇಶದ ಸಹೋದ್ಯೋಗಿಯೊಬ್ಬರಿಗೆ ಒಂದೇ ವಿಷಯವನ್ನು ಮೂರು ಸಲ ನಗುನಗುತ್ತಾ ವಿವರಿಸಿದ್ದೆ.

ನಾನು ಆ ಮಾತನ್ನು ಮರೆತೆ. ಅಂದವರು ಮರೆಯುತ್ತಾರೆ, ಅನ್ನಿಸಿಕೊಂಡವರು ಮರೆಯುವುದಿಲ್ಲ. ಹಬ್ಬಕ್ಕೆ ಬಂದಾಗ ಅವ್ವ ಕಾಫಿ ಕೊಡುತ್ತಾ ಹೇಳಿದಳು: "ನಿಮ್ಮಪ್ಪ ಈಗೀಗ ನಿಂಗೆ ಫೋನ್ ಮಾಡಕ್ಕೆ ಯೋಚ್ನೆ ಮಾಡ್ತಾರೆ ಕಣೋ. ತಗೋತಾರೆ, ಮಡಗ್ತಾರೆ." ಆಗ ತಿಳಿಯಿತು, ಎರಡು ಕಂತಿನ ದುಡ್ಡು ನಿಂತುಹೋಗಿದೆ, ಅಪ್ಪ ಯಾರಿಗೂ ಹೇಳಿಲ್ಲ. ದುಡ್ಡಿನ ಮಾತು ದೊಡ್ಡದಲ್ಲ. ನನಗೆ ಹೊಟ್ಟೆಯಲ್ಲಿ ಕಲಸಿದಂತಾದದ್ದು ಬೇರೆ ಕಾರಣಕ್ಕೆ. ಆ ಆರೇಳು ತಿಂಗಳಲ್ಲಿ ಅಪ್ಪ ಭಾನುವಾರ ಬಿಟ್ಟು ಬೇರೆ ದಿನ ಫೋನ್ ಮಾಡಿರಲಿಲ್ಲ. ಮಾಡಿದಾಗಲೂ ಮೊದಲ ಮಾತು "ಕೆಲಸದಲ್ಲಿದ್ದೀಯೇನಪ್ಪಾ?" ಎಂದೇ ಇರುತ್ತಿತ್ತು. ಹುಟ್ಟಿದಾಗಿನಿಂದ "ಏನ್ಲಾ" ಎಂದು ಕರೆದವರು "ಏನಪ್ಪಾ" ಎಂದು ಮರ್ಯಾದೆ ಕೊಡತೊಡಗಿದ್ದರು. ಬೇರೆಯವರಿಗೆ ಕೊಡುವ ಮರ್ಯಾದೆ ಅದು. ನಾನು ಗಮನಿಸಿಯೇ ಇರಲಿಲ್ಲ.

ಮನೆಯಲ್ಲಿ "ದಯವಿಟ್ಟು", "ಧನ್ಯವಾದ" ಎಂದು ಮಾತಾಡೋಣ ಎಂದು ನಾನು ಹೇಳುತ್ತಿಲ್ಲ. ನಾನೇನಾದರೂ ಊಟವಾದ ಮೇಲೆ "ಧನ್ಯವಾದ" ಎಂದರೆ ಅವ್ವ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾಳೆ. ನಮ್ಮ ಮನೆಗಳಲ್ಲಿ ಅದಕ್ಕೆ ಬೇರೆ ಮಾತುಗಳಿವೆ. "ಉಂಡ್ಯಾ?" ಎನ್ನುತ್ತೇವೆ. "ನೀನು ಕೂತ್ಕೊ, ನಾನು ನೋಡ್ಕೋತೀನಿ" ಎನ್ನುತ್ತೇವೆ. ಹೊರಡುವಾಗ "ಹೋಗ್ತೀನಿ" ಎಂದರೆ "ಬರ್ತೀನಿ ಅನ್ನು" ಎಂದು ತಿದ್ದುತ್ತಾರೆ. ಇವನ್ನು ಬಾಯಲ್ಲಿ ಆಡುವುದು ಸುಲಭ. ಕೇಳಿದ್ದನ್ನೇ ಎರಡನೇ ಸಲ, ಮೂರನೇ ಸಲ ಕೇಳಿದಾಗ ನಮ್ಮ ಧ್ವನಿ ಯಾವುದು ಎನ್ನುವುದರಲ್ಲಿ ಎಲ್ಲ ಗೊತ್ತಾಗುತ್ತದೆ. ವಯಸ್ಸಾದವರು ಮೂರು ಸಲ ಕೇಳುತ್ತಾರೆ, ಚಿಕ್ಕ ಮಕ್ಕಳು ಮೂವತ್ತು ಸಲ ಕೇಳುತ್ತಾರೆ. ನನ್ನ ಮಗಳಿಗೆ ಈಗ ಆರು ವರ್ಷ. ಟಿವಿ ಹಾಕಿಕೊಡು ಎಂದು ಕೇಳಿದ ಅಜ್ಜಿಗೆ ಮೊನ್ನೆ ಅವಳು "ಎಷ್ಟು ಸಲ ಹೇಳೋದು ಅಜ್ಜಿ?" ಎಂದಳು. ಯಾರಿಂದ ಕಲಿತಳು ಎಂದು ಬೇರೆ ಹೇಳಬೇಕಾಗಿಲ್ಲ. ಅವಳನ್ನು ಗದರಲು ನನಗೆ ಬಾಯಿ ಬರಲಿಲ್ಲ.

ಆ ಹಬ್ಬದ ಮಾರನೇ ದಿನ ಅಪ್ಪನ ಹತ್ತಿರ ಕ್ಷಮೆ ಕೇಳಲು ಹೋದೆ. ನಮ್ಮ ಕಡೆ ಅಪ್ಪಂದಿರ ಹತ್ತಿರ ಕ್ಷಮೆ ಕೇಳುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತು. ಅವರು ಕೊಟ್ಟಿಗೆ ಕಡೆ ಎದ್ದು ಹೋದರು. ಅದಕ್ಕೇ ಮಾತು ಬಿಟ್ಟು ಅವರನ್ನು ತಾಲ್ಲೂಕಿನ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬೆರಳು ಬರದಿದ್ದರೂ ಕಣ್ಣಿನ ಗುರುತು ಹಿಡಿಯಿತು. ನನ್ನ ನಂಬರು ತೆಗೆಸಿ ಅವರದೇ ಕೀಪ್ಯಾಡ್ ಫೋನಿನ ನಂಬರು ಹಾಕಿಸಿದೆವು. ಮೂರು ಗಂಟೆ ಸಾಲಿನಲ್ಲಿ ನಿಂತಿದ್ದೆವು. ಅಷ್ಟು ಹೊತ್ತು ನಾನು ಅಪ್ಪನ ಪಕ್ಕ ನಿಂತು ಎಷ್ಟು ವರ್ಷವಾಗಿತ್ತೋ. ಸಾಲಿನಲ್ಲಿ ಅವರು ತೆಂಗಿನ ನುಸಿ ರೋಗದ ಬಗ್ಗೆ ಹೇಳಿದರು, ನಾನು ಕೇಳಿದೆ. ಮಗನನ್ನು ಬೇಡಬೇಕಾದ ಪರಿಸ್ಥಿತಿಯನ್ನು ಮೊದಲೇ ತಪ್ಪಿಸಬಹುದಿತ್ತು, ಒಂದು ದಿನದ ಕೆಲಸ. ನಾನು ಅದನ್ನು ವರ್ಷಗಟ್ಟಲೆ ಮಾಡಿರಲಿಲ್ಲ. ಇಲ್ಲಿರುವ ಗೆಳೆಯರಲ್ಲಿ ಎಷ್ಟು ಜನರ ನಂಬರಿಗೆ ಅಪ್ಪ ಅವ್ವನ ಒಟಿಪಿ ಬರುತ್ತಿದೆಯೋ, ಇವತ್ತು ಮನೆಗೆ ಹೋದ ಮೇಲೆ ಒಮ್ಮೆ ನೋಡಿಕೊಳ್ಳಿ.

ಸ್ವಲ್ಪ ದಿನದ ಮೇಲೆ, ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ನಾನು ಮೀಟಿಂಗಿನಲ್ಲಿದ್ದಾಗ ಅಪ್ಪನ ಫೋನ್ ಬಂತು. ಹೊರಗೆ ಬಂದು ಎತ್ತಿದೆ. ಆ ಕಡೆಯಿಂದ ಜೋರು ಧ್ವನಿ:

"ಲೋ, ಅದ್ಯಾವ್ದೋ ನಂಬರ್ ಬಂದೈತೆ ನನ್ ಫೋನಿಗೆ. ಯಾರಿಗೂ ಹೇಳ್ಬಾರ್ದಂತೆ. ನಿಂಗೆ ಹೇಳ್ಬೋದೇನ್ಲಾ?"