ಪಂಚಾಯಿತಿ ಕಚೇರಿಯ ಗಣಕಯಂತ್ರಕ್ಕೆ ಹೊಂದುವ ರ‍್ಯಾಮ್: ನಿರ್ಣಯಕ್ಕೆ ಮುನ್ನ ತಿಳಿದಿರಬೇಕಾದುದು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಇ-ಸ್ವತ್ತಿನ ನಮೂನೆ 9 ಅಥವಾ 11ಕ್ಕಾಗಿ ಕಚೇರಿಗೆ ಬಂದ ಗ್ರಾಮಸ್ಥರಿಗೆ ಕೆಲಸವಾಗದ ದಿನ ದೊರೆಯುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. ‘ಸರ್ವರ್ ಇಲ್ಲ’ ಎಂಬುದು ಒಂದು, ‘ಸಿಸ್ಟಮ್ ಸ್ಲೋ ಇದೆ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪಂಚಾಯಿತಿಯಲ್ಲಿ ಪರಿಹಾರವಿಲ್ಲ. ಎರಡನೆಯದಕ್ಕೆ ಬಹಳಷ್ಟು ಸಂದರ್ಭಗಳಲ್ಲಿ ಇದೆ. ಆದರೆ ಆ ಪರಿಹಾರ ಫಲಿಸುವುದು ಅಥವಾ ಕೆಡುವುದು ಸಾಮಾನ್ಯ ಸಭೆಯ ನಡವಳಿಯಲ್ಲಿ ಬರೆಯಲಾಗುವ ಒಂದೇ ಒಂದು ಸಾಲಿನಿಂದ. ‘ಕಚೇರಿಯ ಗಣಕಯಂತ್ರಕ್ಕೆ 8 ಜಿಬಿ ರ‍್ಯಾಮ್ ಖರೀದಿಸಲು ಒಪ್ಪಿಗೆ ನೀಡಲಾಯಿತು’ ಎಂಬ ಸಾಲು ಓದುವುದಕ್ಕೆ ಪೂರ್ಣವಾಗಿದೆ. ಅಂಗಡಿಯ ಕಪಾಟಿನ ಮುಂದೆ ಅದು ಅರ್ಧ ಸಾಲು ಮಾತ್ರ. 8 ಜಿಬಿಯ ರ‍್ಯಾಮ್ ಮೂರು ಪೀಳಿಗೆಗಳಲ್ಲಿ, ಎರಡು ಗಾತ್ರಗಳಲ್ಲಿ ಮಾರಾಟಕ್ಕಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹೊಂದದ ರ‍್ಯಾಮ್ ಬೀರುವಿನಲ್ಲಿ ಉಳಿಯುತ್ತದೆ, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಯಾಗುತ್ತದೆ, ಸರತಿಯ ಸಾಲು ಇದ್ದಷ್ಟೇ ಉದ್ದವಾಗಿರುತ್ತದೆ.

ಹಾರ್ಡ್ ಡಿಸ್ಕ್ ಕಡತಗಳ ಬೀರುವಾದರೆ ರ‍್ಯಾಮ್ ಎಂಬುದು ಗುಮಾಸ್ತರ ಮುಂದಿನ ಮೇಜು. ಮೇಜು ಚಿಕ್ಕದಾದಷ್ಟೂ ಗುಮಾಸ್ತರು ಮತ್ತೆ ಮತ್ತೆ ಬೀರುವಿಗೆ ಎದ್ದು ಹೋಗಬೇಕು. ಪಂಚತಂತ್ರ, ಇ-ಸ್ವತ್ತು, 2020ರಲ್ಲಿ ಬಂದ ಇ-ಗ್ರಾಮ್ ಸ್ವರಾಜ್ ಇವೆಲ್ಲವೂ ಬ್ರೌಸರಿನಲ್ಲಿ ತೆರೆಯುವಂಥವು. ಒಂದೇ ಯಂತ್ರದಲ್ಲಿ ನಾಲ್ಕಾರು ಪುಟಗಳು, ಜೊತೆಗೆ ನುಡಿ ತಂತ್ರಾಂಶ, ಸ್ಕ್ಯಾನರ್, ಡಿಜಿಟಲ್ ಸಹಿಯ ತಂತ್ರಾಂಶ ಎಲ್ಲವೂ ತೆರೆದಿರುವಾಗ 4 ಜಿಬಿಯ ಮೇಜು ಸಾಲುವುದಿಲ್ಲ. ಇಂತಹ ಕೆಲಸಕ್ಕೆ 8 ಜಿಬಿ ಸಾಕು. 16 ಜಿಬಿ ಇದ್ದರೆ ನಿರಾಳ. ಅದಕ್ಕಿಂತ ಹೆಚ್ಚಿನದಕ್ಕೆ ಪಂಚಾಯಿತಿಯ ಹಣ ವ್ಯಯಿಸುವ ಅಗತ್ಯ ಕಾಣದು.

ರ‍್ಯಾಮ್‌ನ ಪೀಳಿಗೆಗಳನ್ನು ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂದು ಕರೆಯಲಾಗುತ್ತದೆ. ಡಿಡಿಆರ್3 ಮಾರುಕಟ್ಟೆಗೆ ಬಂದದ್ದು 2007ರಲ್ಲಿ, ಡಿಡಿಆರ್4 2014ರಲ್ಲಿ. ಡೆಸ್ಕ್‌ಟಾಪ್ ಯಂತ್ರಗಳಲ್ಲಿ ಡಿಡಿಆರ್5 2021ರಿಂದ ಬಳಕೆಯಲ್ಲಿದೆ. ಡಿಡಿಆರ್3 ಸ್ಟಿಕ್ಕಿಗೆ 240 ಪಿನ್‌ಗಳು, 1.5 ವೋಲ್ಟ್. ಡಿಡಿಆರ್4ಕ್ಕೆ 288 ಪಿನ್‌ಗಳು, 1.2 ವೋಲ್ಟ್. ಡಿಡಿಆರ್5ಕ್ಕೂ 288 ಪಿನ್‌ಗಳೇ ಇದ್ದರೂ ವೋಲ್ಟೇಜ್ 1.1, ಕೆಳಅಂಚಿನ ಕಚ್ಚಿನ ಸ್ಥಾನವೂ ಬೇರೆ. ತಪ್ಪು ಸ್ಟಿಕ್ಕು ಸ್ಲಾಟಿನೊಳಗೆ ಇಳಿಯಬಾರದೆಂದೇ ಈ ಕಚ್ಚನ್ನು ಬೇರೆ ಬೇರೆ ಕಡೆ ಇಡಲಾಗಿದೆ. ಬಲವಂತವಾಗಿ ಒತ್ತಿದಲ್ಲಿ ಮದರ್‌ಬೋರ್ಡಿಗೇ ಹಾನಿ.

ಪ್ರೊಸೆಸರಿನ ಹೆಸರು ತಿಳಿದರೆ ರ‍್ಯಾಮ್ ಯಾವುದೆಂದು ತಿಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಇಂಟೆಲ್‌ನ 6ನೇ ಪೀಳಿಗೆಯ ಪ್ರೊಸೆಸರು ಕೆಲವು ಬೋರ್ಡುಗಳಲ್ಲಿ ಕಡಿಮೆ ವೋಲ್ಟೇಜಿನ ಡಿಡಿಆರ್3ಎಲ್ ಅನ್ನು, ಇನ್ನು ಕೆಲವು ಬೋರ್ಡುಗಳಲ್ಲಿ ಡಿಡಿಆರ್4 ಅನ್ನು ಬಳಸುತ್ತದೆ. 12ರಿಂದ 14ನೇ ಪೀಳಿಗೆಯವರೆಗೆ ಡಿಡಿಆರ್4 ಬೋರ್ಡೂ ಉಂಟು, ಡಿಡಿಆರ್5 ಬೋರ್ಡೂ ಉಂಟು. ಆದ್ದರಿಂದ ತೀರ್ಮಾನಿಸುವುದು ಮದರ್‌ಬೋರ್ಡೇ ಹೊರತು ಪ್ರೊಸೆಸರಿನ ಮೇಲಿನ ಹೊಳೆಯುವ ಚೀಟಿಯಲ್ಲ.

ಗಾತ್ರದ ಪ್ರಶ್ನೆ ಇನ್ನೂ ಸರಳ, ಆದರೂ ತಪ್ಪುವುದು ಸುಲಭ. ಸಾಮಾನ್ಯ ಡೆಸ್ಕ್‌ಟಾಪಿನ ಸ್ಟಿಕ್ಕು ಸುಮಾರು 13 ಸೆಂಟಿಮೀಟರ್ ಉದ್ದವಿದ್ದು ಡಿಮ್ ಎನಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಸ್ಟಿಕ್ಕು ಅದರ ಅರ್ಧದಷ್ಟಿದ್ದು ಸೋಡಿಮ್ ಎನಿಸಿಕೊಳ್ಳುತ್ತದೆ. ಪರದೆಯ ಹಿಂಬದಿಯಲ್ಲೇ ಎಲ್ಲವೂ ಅಡಗಿರುವ ಆಲ್-ಇನ್-ಒನ್ ಯಂತ್ರಗಳೂ ಅಂಗೈಯಗಲದ ಚಿಕ್ಕ ಯಂತ್ರಗಳೂ ಮೇಜಿನ ಮೇಲೆ ಕುಳಿತಿದ್ದರೂ ಸಾಮಾನ್ಯವಾಗಿ ಬಳಸುವುದು ಸೋಡಿಮ್ ಅನ್ನೇ. ದರಪಟ್ಟಿಯಲ್ಲಿ ‘ಡೆಸ್ಕ್‌ಟಾಪ್ ರ‍್ಯಾಮ್’ ಎಂದಷ್ಟೇ ಬರೆಸಿಕೊಂಡರೆ ಅಂತಹ ಕಚೇರಿಗೆ ಬರುವುದು ಕೂರದ ಸ್ಟಿಕ್ಕು.

ಹಾಗಾದರೆ ತಿಳಿಯುವುದು ಹೇಗೆ? ಇದಕ್ಕೆ ತಂತ್ರಜ್ಞರೇ ಬರಬೇಕೆಂದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಎಂಬುದನ್ನು ಆರಿಸಿದರೆ ಈಗಿರುವ ರ‍್ಯಾಮ್ ಎಷ್ಟು, ಅದರ ವೇಗವೆಷ್ಟು, ಎಷ್ಟು ಸ್ಲಾಟುಗಳ ಪೈಕಿ ಎಷ್ಟು ತುಂಬಿವೆ, ಗಾತ್ರ ಡಿಮ್ಮೋ ಸೋಡಿಮ್ಮೋ ಎಂಬುದೆಲ್ಲ ಕಾಣುತ್ತದೆ. ಪೀಳಿಗೆಯನ್ನು ತಿಳಿಯಲು ಯಂತ್ರವನ್ನು ಬಂದ್ ಮಾಡಿ, ವಿದ್ಯುತ್ ತಂತಿ ಕಳಚಿ, ಹಳೆಯ ಸ್ಟಿಕ್ಕಿನ ಚೀಟಿಯನ್ನು ಓದುವುದೇ ಉತ್ತಮ. (ವಾರಂಟಿಯಲ್ಲಿರುವ ಯಂತ್ರವಾದರೆ ತೆರೆಯುವ ಮುನ್ನ ಸರಬರಾಜುದಾರರನ್ನು ಕೇಳತಕ್ಕದ್ದು.) ಚೀಟಿಯ ಮೇಲೆ ‘ಪಿಸಿ3’ ಎಂದಿದ್ದರೆ ಡಿಡಿಆರ್3, ‘ಪಿಸಿ3ಎಲ್’ ಎಂದಿದ್ದರೆ ಡಿಡಿಆರ್3ಎಲ್, ‘ಪಿಸಿ4’ ಎಂದಿದ್ದರೆ ಡಿಡಿಆರ್4. ಮುಂದಿನ ದೊಡ್ಡ ಸಂಖ್ಯೆಯನ್ನು ಎಂಟರಿಂದ ಭಾಗಿಸಿದರೆ ವೇಗ ಸಿಗುತ್ತದೆ: 12800 ಎಂದರೆ 1600, 25600 ಎಂದರೆ 3200. ಕೆಲವು ತಯಾರಕರು ವೇಗವನ್ನೇ ನೇರವಾಗಿ 2666, 3200 ಎಂದು ಮುದ್ರಿಸಿರುತ್ತಾರೆ. ಈ ಚೀಟಿಯ ಛಾಯಾಚಿತ್ರವೊಂದನ್ನು, ಯಂತ್ರದ ಹಿಂಬದಿಯ ಮಾದರಿ ಸಂಖ್ಯೆಯ ಚಿತ್ರದೊಡನೆ ಮೊಬೈಲಿನಲ್ಲಿ ತೆಗೆದು ಕಡತಕ್ಕೆ ಸೇರಿಸಿದರೆ ಅರ್ಧ ಕೆಲಸ ಮುಗಿದಂತೆ.

ವೇಗದ ವಿಷಯದಲ್ಲಿ ಅಂಗಡಿಗಳಲ್ಲಿ ಕೇಳಿಬರುವಷ್ಟು ಆತಂಕ ಬೇಡ. 2400ರ ಸ್ಟಿಕ್ಕಿನ ಪಕ್ಕದಲ್ಲಿ 3200ರದನ್ನು ಕೂರಿಸಿದರೆ ಸಾಮಾನ್ಯವಾಗಿ ಎರಡೂ ನಿಧಾನದ ವೇಗಕ್ಕೆ ಇಳಿದು ನಡೆಯುತ್ತವೆ. ಒಂದೇ ಅಳತೆಯ ಎರಡು ಸ್ಟಿಕ್ಕುಗಳಿದ್ದರೆ ಪ್ರೊಸೆಸರು ಎರಡು ದಾರಿಗಳಲ್ಲಿ ಒಮ್ಮೆಗೇ ಓದಬಲ್ಲದು, ಅದು ಲಾಭವೇ. ಹಾಗೆಂದು ಕೆಲಸ ಮಾಡುತ್ತಿರುವ ಹಳೆಯ 4 ಜಿಬಿಯನ್ನು ತೆಗೆದೆಸೆಯಬೇಕಿಲ್ಲ. ಸ್ಲಾಟು ಖಾಲಿಯಿದ್ದರೆ ಅದರ ಪಕ್ಕದಲ್ಲಿ ಇನ್ನೊಂದು 4 ಜಿಬಿ ಸಾಕು.

ಹೆಚ್ಚು ಎಚ್ಚರ ಬೇಕಾದುದು ಹಳೆಯ ಡಿಡಿಆರ್3 ಯಂತ್ರಗಳಲ್ಲಿ. ಎಚ್61 ಎಂಬ ಚಿಪ್‌ಸೆಟ್ಟಿನ ಬೋರ್ಡುಗಳು ಒಂದು ಕಾಲದಲ್ಲಿ ಅತ್ಯಂತ ಸಾಮಾನ್ಯವಾಗಿದ್ದವು. ಅವುಗಳ ಮಿತಿ ಎರಡು ಸ್ಲಾಟು, ಒಟ್ಟು 16 ಜಿಬಿ. ಇಂಟೆಲ್‌ನ 2ರಿಂದ 4ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು 8 ಗಿಗಾಬಿಟ್ ಸಾಂದ್ರತೆಯ ಚಿಪ್ಪುಗಳನ್ನು ಗುರುತಿಸವು. ಆದಕಾರಣ ಒಂದೇ ಬದಿಯಲ್ಲಿ ಎಂಟು ಚಿಪ್ಪುಗಳಿರುವ 8 ಜಿಬಿ ಡಿಡಿಆರ್3 ಸ್ಟಿಕ್ಕು, ಪಿನ್ನು, ವೋಲ್ಟೇಜು, ವೇಗ ಎಲ್ಲವೂ ಸರಿಯಿದ್ದಾಗಲೂ ಈ ಯಂತ್ರಗಳನ್ನು ಏಳಗೊಡದು. ಇದಲ್ಲದೆ ಎಎಮ್‌ಡಿ ಯಂತ್ರಗಳಿಗೆ ಮಾತ್ರ ಹೊಂದುವ ಅಗ್ಗದ ಡಿಡಿಆರ್3 ಸ್ಟಿಕ್ಕುಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಎರಡೂ ಬದಿ ಚಿಪ್ಪುಗಳಿರುವುದರಿಂದ ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟ. ಸರ್ವರುಗಳಿಂದ ಬಿಚ್ಚಿದ ರಿಜಿಸ್ಟರ್ಡ್ ರ‍್ಯಾಮ್‌ನದೂ ಇದೇ ಕಥೆ. ದರ ಅತಿ ಕಡಿಮೆಯಿದ್ದು ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ನಡೆಯುವುದಿಲ್ಲ. ಕನಿಷ್ಠ ದರವನ್ನೇ ಒಪ್ಪಬೇಕಾದ ಕಡೆ ವಿವರಣೆ ಸಡಿಲವಾಗಿದ್ದರೆ ಗೆಲ್ಲುವುದು ಇಂತಹ ಸ್ಟಿಕ್ಕುಗಳೇ.

ರ‍್ಯಾಮ್ ಬೇಕೇ ಎಂಬ ಪ್ರಶ್ನೆಯನ್ನೂ ಸಭೆಯಲ್ಲಿ ಕೇಳಬೇಕು. ಯಂತ್ರ ತಡವರಿಸುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ನೋಡಿದರೆ ಉತ್ತರ ದೊರೆಯುತ್ತದೆ. ಮೆಮೊರಿ ಶೇ. 90ರ ಆಸುಪಾಸಿನಲ್ಲಿದ್ದರೆ ರ‍್ಯಾಮ್ ಕೊರತೆ ನಿಜ. ಮೆಮೊರಿ ಅರ್ಧಕ್ಕರ್ಧ ಖಾಲಿಯಿದ್ದು ಡಿಸ್ಕ್ ಮಾತ್ರ ಶೇ. 100 ತೋರಿಸುತ್ತಿದ್ದರೆ ದೋಷ ಹಳೆಯ ಹಾರ್ಡ್ ಡಿಸ್ಕಿನದು. ಅಲ್ಲಿ ಎಸ್‌ಎಸ್‌ಡಿ ಹಾಕಿಸುವುದು ರ‍್ಯಾಮ್‌ಗಿಂತ ಹೆಚ್ಚು ಫಲ ಕೊಡುತ್ತದೆ. ವಿಂಡೋಸ್ 32 ಬಿಟ್ ಆವೃತ್ತಿಯಾಗಿದ್ದರೆ 4 ಜಿಬಿಯ ಮೇಲೆ ಹಾಕಿದ ರ‍್ಯಾಮ್ ಅದಕ್ಕೆ ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಸಿಸ್ಟಮ್ ಟೈಪ್ ಎಂಬಲ್ಲಿ ಇದನ್ನು ನೋಡಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಬಹುಮಟ್ಟಿಗೆ 8ನೇ ಪೀಳಿಗೆ ಹಾಗೂ ನಂತರದ ಪ್ರೊಸೆಸರುಗಳನ್ನೇ ಬೇಡುತ್ತದೆ. ಹೀಗಿರುವಾಗ ಡಿಡಿಆರ್3 ಕಾಲದ ಯಂತ್ರಕ್ಕೆ ಹಣ ಸುರಿಯುವುದಕ್ಕಿಂತ ಹೊಸ ಯಂತ್ರದ ಪ್ರಸ್ತಾವವನ್ನು ಕ್ರಿಯಾ ಯೋಜನೆಯಲ್ಲಿ ಸೇರಿಸುವುದು ವಿವೇಕ. ಡಿಡಿಆರ್4 ಯಂತ್ರವಾದರೆ ರ‍್ಯಾಮ್ ಹೆಚ್ಚಿಸುವುದು ಸಾರ್ಥಕ.

ನಿರ್ಣಯದ ಸಾಲು ಹೇಗಿರಬೇಕೆಂಬುದಕ್ಕೆ ಒಂದು ಮಾದರಿ: ‘ಕಚೇರಿಯ ಇಂತಹ ಮಾದರಿಯ ಗಣಕಯಂತ್ರಕ್ಕೆ, ಡಿಡಿಆರ್4, 288 ಪಿನ್‌ನ ಡಿಮ್, 1.2 ವೋಲ್ಟ್, ಅನ್‌ಬಫರ್ಡ್, ನಾನ್-ಇಸಿಸಿ, 2666 ಅಥವಾ ಹೆಚ್ಚಿನ ವೇಗದ 8 ಜಿಬಿ ರ‍್ಯಾಮ್ ಒಂದು. ಸರಬರಾಜುದಾರರು ಸದರಿ ಯಂತ್ರದಲ್ಲೇ ಅಳವಡಿಸಿ ತೋರಿಸತಕ್ಕದ್ದು. ಹೊಂದದಿದ್ದಲ್ಲಿ ಹೆಚ್ಚುವರಿ ವೆಚ್ಚವಿಲ್ಲದೆ ಬದಲಾಯಿಸಿಕೊಡತಕ್ಕದ್ದು.’ ಯಂತ್ರ ಬೇರೆಯಾದಂತೆ ವಿವರವೂ ಬೇರೆಯಾಗುತ್ತದೆ. ಪಕ್ಕದ ಪಂಚಾಯಿತಿಯ ನಿರ್ಣಯವನ್ನು ನಕಲು ಮಾಡುವಂತಿಲ್ಲ. ಮೆಮೊರಿಯ ಬೆಲೆ ತಿಂಗಳೊಪ್ಪತ್ತಿನಲ್ಲಿ ಏರಿಳಿಯುವ ಸರಕಾದ್ದರಿಂದ ಹಿಂದಿನ ವರ್ಷದ ದರಪಟ್ಟಿಯನ್ನು ಆಧಾರವಾಗಿಟ್ಟುಕೊಳ್ಳಲೂ ಆಗದು.

ಅಳವಡಿಸಿದ ದಿನವೇ ಬಿಲ್ಲು ಪಾವತಿಸುವುದು ಬೇಡ. ಟಾಸ್ಕ್ ಮ್ಯಾನೇಜರಿನಲ್ಲಿ ಹೊಸ ಒಟ್ಟು ಮೊತ್ತ ಕಾಣುತ್ತಿದೆಯೇ ನೋಡಿ, ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಪರೀಕ್ಷೆಯನ್ನು ಒಮ್ಮೆ ನಡೆಸಿ, ಒಂದು ವಾರ ಎಂದಿನ ಕೆಲಸದಲ್ಲಿ ಯಂತ್ರ ತಾನಾಗಿ ಸ್ಥಗಿತಗೊಳ್ಳದಿದ್ದರೆ ಡಾಟಾ ಎಂಟ್ರಿ ಆಪರೇಟರರ ದೃಢೀಕರಣ ಪಡೆದು ಪಾವತಿಸುವುದು ಕ್ರಮ. ತೆಗೆದ ಹಳೆಯ ಸ್ಟಿಕ್ಕು ಪಂಚಾಯಿತಿಯ ಸ್ವತ್ತು. ಅಳವಡಿಸಲು ಬಂದವರ ಜೇಬಿಗೆ ಹೋಗತಕ್ಕದ್ದಲ್ಲ. ಅದನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಅದೇ ಪೀಳಿಗೆಯ ಬೇರೆ ಯಂತ್ರವಿದ್ದರೆ ಅಲ್ಲಿ ಬಳಸಬಹುದು. ಕೆಟ್ಟಿದ್ದರೆ ಗುಜರಿಗೆ ತೂಕಕ್ಕೆ ಕೊಡದೆ, 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಡಿ ನೋಂದಾಯಿತರಾದ ಮರುಬಳಕೆದಾರರಿಗೆ ಒಪ್ಪಿಸಿ, ಪಡೆದ ರಸೀದಿಯನ್ನು ವಹಿಯ ಅದೇ ಪುಟಕ್ಕೆ ಲಗತ್ತಿಸತಕ್ಕದ್ದು.