ಪ್ರೋಗ್ರಾಮ್ ಓಡದಿದ್ದಾಗ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತದ ಮೇಷ್ಟ್ರುಗಳಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಬೇಸಿಕ್ ಭಾಷೆಯನ್ನು ರೂಪಿಸಿದರು. ವಿಜ್ಞಾನ ಓದದವರೂ ಕಂಪ್ಯೂಟರ್ ಬಳಸಬೇಕೆಂಬುದು ಅವರ ಆಸೆ. ಕನ್ನಡ ಮಾಧ್ಯಮದ ನಮಗೂ ಅದು ಒಳ್ಳೆಯ ಮೊದಲ ಮೆಟ್ಟಿಲು.

ಅದೇ ವಂಶದ ಕ್ಯೂಬೇಸಿಕ್‌ನಲ್ಲಿ ‘ಎನ್’ ಎಂಬ ಹೆಸರಿಗೆ ನಿಮ್ಮೂರಿನ ಹೆಸರು ಕೊಟ್ಟು ನೋಡಿ. ‘ಟೈಪ್ ಮಿಸ್‌ಮ್ಯಾಚ್’ ಎನ್ನುತ್ತದೆ. ಹೆದರಬೇಡಿ, ಅದು ಬೈಗುಳವಲ್ಲ. ಅಂಕಿ ಇಡುವ ಡಬ್ಬಿಗೆ ಅಕ್ಷರ ಹಾಕಿದ್ದೀರಿ ಎಂದಷ್ಟೇ ಅರ್ಥ. ‘ಎನ್’ ಪಕ್ಕದಲ್ಲಿ ಡಾಲರ್ ಚಿಹ್ನೆ ಹಾಕಿದರೆ ಸರಿಹೋಗುತ್ತದೆ.

ಏನೂ ಹೇಳದ ತಪ್ಪು ಇದಕ್ಕಿಂತ ಅಪಾಯ. ಮೂರು ವಿಷಯಗಳಲ್ಲೂ 60 ಅಂಕ ಬಂದಿದೆ ಎನ್ನಿ. ಸರಾಸರಿಗೆಂದು ಎ+ಬಿ+ಸಿ/3 ಎಂದು ಬರೆದರೆ 140 ಬರುತ್ತದೆ! ಭಾಗಾಕಾರ ಮೊದಲು ನಡೆಯುವುದರಿಂದ ‘ಸಿ’ ಒಂದನ್ನೇ ಭಾಗಿಸಿ ಕೂಡಿತು. ಮೊತ್ತಕ್ಕೆ ಆವರಣ ಹಾಕಬೇಕಿತ್ತು. ಕಂಪ್ಯೂಟರ್ ಮಾತ್ರ ಚಕಾರ ಎತ್ತುವುದಿಲ್ಲ. ಉತ್ತರ 60 ಎಂದು ಬಾಯಿಲೆಕ್ಕದಲ್ಲಿ ಗೊತ್ತಿದ್ದವರ ಕಣ್ಣಿಗೇ ತಪ್ಪು ಬೀಳುವುದು.

ಸಹಾಯ ಕೇಳುವಾಗ ‘ಸಾರ್, ಬರ್ತಿಲ್ಲ’ ಎಂದು ನಿಲ್ಲಿಸಬೇಡಿ. ಯಾವ ಸಾಲು, ಏನು ಕೊಟ್ಟಿರಿ, ಏನು ಬಂತು, ಏನು ಬರಬೇಕಿತ್ತು: ಈ ನಾಲ್ಕನ್ನು ಹೇಳಿ. ಹೀಗೆ ಬರೆದಿಡುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತದೆ. ಹೆಬ್ಬಾಳದಾಚೆಯ ಮಾನ್ಯತಾ ಟೆಕ್ ಪಾರ್ಕ್‌ನಂಥ ಕಡೆ ಇಂಜಿನಿಯರುಗಳು ಒಬ್ಬರನ್ನೊಬ್ಬರು ದಿನವೂ ಕೇಳುವುದು ಇವನ್ನೇ. ಇಂಗ್ಲಿಷ್ ಬಾರದೆಂದು ಪ್ರಶ್ನೆಯನ್ನು ನುಂಗಿಕೊಂಡವರು ಅಲ್ಲೇ ನಿಂತುಬಿಡುತ್ತಾರೆ. ಈ ನಾಲ್ಕನ್ನೂ ಕನ್ನಡದಲ್ಲೇ ಕೇಳಿ, ಧೈರ್ಯವಾಗಿ ಕೇಳಿ.