ಹಾಯಿದೋಣಿಯ ಫ್ರಿಜ್ಜು ಕಲಿಸಿದ ಲೆಕ್ಕ

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ ಗಣಿತದಲ್ಲಿ ಎರಡು ಸಲ ನಪಾಸಾದವನು. ಆಮೇಲೆ ಐಟಿಐಯಲ್ಲಿ ಫ್ರಿಜ್ ಕೆಲಸ ಕಲಿತು ಗೋವಾಕ್ಕೆ ಹೋದೆ. ಇಂಡಿ ತಾಲೂಕಿನ ಒಣನೆಲದ ಹುಡುಗ ಹಾಯಿದೋಣಿಗಳಿಗೆ ಫ್ರಿಜ್ ಕೂಡಿಸುವವನಾದೆ.

ಒಬ್ಬ ಹಿರಿಯರು ತಮ್ಮ ದೋಣಿಯಲ್ಲಿ ಕೊಚ್ಚಿಗೆ ಹೊರಟಿದ್ದರು. ಅವರ ಪತ್ನಿಗೆ ಇನ್ಸುಲಿನ್ ಬೇಕು. ಅದನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ನಾನು ಒಳ್ಳೆಯ ಯಂತ್ರ ಆರಿಸಿ ಕೂಡಿಸಿದೆ. ಲೆಕ್ಕ ಮಾತ್ರ ಹಾಕಲಿಲ್ಲ. ಆ ಯಂತ್ರ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತಿತ್ತು. ಕಡಲ ಸೆಕೆಯಲ್ಲಿ ದಿನಕ್ಕೆ 12 ತಾಸು ಓಡಿದರೆ 60 ಆಂಪಿಯರ್-ತಾಸು ಖರ್ಚು. 100 ವ್ಯಾಟಿನ ಸೌರಫಲಕದಿಂದ ಬರುವುದು ಸುಮಾರು 40. ದಿನವೂ 20 ಸಾಲ. 100ರ ಬ್ಯಾಟರಿಯಲ್ಲಿ ಅರ್ಧ, ಅಂದರೆ 50 ಮಾತ್ರ ಬಳಸಬಹುದು. ಮೂರನೆಯ ರಾತ್ರಿ ಫ್ರಿಜ್ ನಿಂತಿತು. ಅವರು ಮಲ್ಪೆಯಲ್ಲಿ ದಡಕ್ಕೆ ಬಂದು, ಮೀನುಗಾರರಿಂದ ಮಂಜುಗಡ್ಡೆ ಪಡೆದು ಔಷಧ ಉಳಿಸಿಕೊಂಡರು. ಫೋನಿನಲ್ಲಿ ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ತಿರುಗಿ ಬಂದಾಗ ಯಂತ್ರ ಬದಲಿಸಲಿಲ್ಲ, ಪೆಟ್ಟಿಗೆ ಬದಲಿಸಿದೆ. ಗೋಡೆಯ ಫೋಮನ್ನು 5 ಸೆಂಟಿಮೀಟರಿನಿಂದ 10ಕ್ಕೆ ಏರಿಸಿದೆ. ಗೋಡೆಯಿಂದ ನುಸುಳುವ ಶಾಖ ಅರ್ಧಕ್ಕಿಳಿಯಿತು. ಮುಂದಿನ ಬಾಗಿಲು ಮುಚ್ಚಿ ಮೇಲೆ ಮುಚ್ಚಳ ಮಾಡಿದೆ. ತಂಪು ಗಾಳಿ ಭಾರ, ಮೇಲಿನಿಂದ ತೆರೆದರೆ ಚೆಲ್ಲಿಹೋಗುವುದಿಲ್ಲ. ಅದೇ ಯಂತ್ರ 8 ತಾಸಿಗಿಂತ ಕಡಿಮೆ ಓಡಿ ಸಾಕಾಯಿತು. ಸಾಲ ತೀರಿತು.

ಇಷ್ಟು ಕಲಿತರೂ ಊರಿನಲ್ಲಿ ಮತ್ತೊಮ್ಮೆ ಎಡವಿದೆ. ಲಿಂಬೆಯ ದರ ಬಿದ್ದಾಗ ಅಣ್ಣ ಕೇಳಿದ, "ತಮ್ಮಾ, ಕೋಲ್ಡ್ ಸ್ಟೋರೇಜಿನ್ಯಾಗ ಇಡ್ಲೇನು?" ನಾನು, "ಇಡು, ತಂಪಿದ್ದಷ್ಟೂ ಚಲೋ" ಎಂದೆ. ದ್ರಾಕ್ಷಿ ಇಟ್ಟ ಕೋಣೆಯಲ್ಲೇ ಇಟ್ಟ. ದ್ರಾಕ್ಷಿಗೆ ಸೊನ್ನೆ ಡಿಗ್ರಿಯ ಆಸುಪಾಸು ಬೇಕು. ಲಿಂಬೆಗೆ 9-10 ಡಿಗ್ರಿ ಬೇಕು. ಅದಕ್ಕಿಂತ ಬಹಳ ಕೆಳಗಿಳಿದರೆ ಸಿಪ್ಪೆಯಲ್ಲಿ ತಗ್ಗು ಬಿದ್ದು ಕಂದು ಚುಕ್ಕಿ ಏಳುತ್ತದೆ. ಚೀಲ ಬಿಚ್ಚಿದಾಗ ಅಣ್ಣ ಇಷ್ಟೇ ಅಂದ: "ಹೊಲದಾಗ ಕೊಳೆತಿದ್ರ ಬಾಡಿಗಿನಾದ್ರೂ ಉಳೀತಿತ್ತಲ್ಲೋ."

ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆ ನಮ್ಮದು. ನಾಲ್ಕು ದಿನ ಕಾಯುವ ಶಕ್ತಿ ಇಲ್ಲದ್ದಕ್ಕೇ ಎಷ್ಟೋ ಸಲ ಸಿಕ್ಕ ದರಕ್ಕೆ ಕೊಡುತ್ತೇವೆ. ಎಲ್ಲರಿಗೂ ಯಂತ್ರವೇ ಬೇಕಿಲ್ಲ. ಈ ಶಾಲೆಯ ಜಗುಲಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ನೀರಿನ ಹರವಿ ಇರುತ್ತಿತ್ತು, ನೆನಪಿದೆಯೇ? ಕಡಲತೀರದ ತೇವದ ಗಾಳಿಯಲ್ಲಿ ಆ ಉಪಾಯ ಅಷ್ಟು ನಡೆಯದು, ನೀರು ಬೇಗ ಆರುವುದಿಲ್ಲ. ನಮ್ಮ ಒಣ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತದೆ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ತಂಪುಕೋಣೆ ಇದೇ ಹರವಿಯ ತತ್ವದ್ದು. ಇಟ್ಟಿಗೆಯ ಎರಡು ಗೋಡೆ, ನಡುವೆ 7.5 ಸೆಂಟಿಮೀಟರ್ ಸಂದಿಯಲ್ಲಿ ಮರಳು, ಬೆಳಿಗ್ಗೆ ಸಂಜೆ ನೀರು, ಮೇಲೆ ನೆರಳು. ಕರೆಂಟ್ ಬೇಡ. ತಿಂಗಳುಗಟ್ಟಲೆ ಇಡಲಾಗದು, ಸಂತೆಗೆ ಒಯ್ಯುವ ತನಕ ಹಣ್ಣು ಬಾಡದಂತೆ ಕಾಯುತ್ತದೆ.

ಮಕ್ಕಳೇ, ಇಂಡಿಯಲ್ಲಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಾಗಲಿ ನಾಳೆ ಯಾರಾದರೂ ತಂಪಿನ ಯಂತ್ರ ಮಾರಲು ಬಂದರೆ ಮೊದಲು ನಾಲ್ಕು ಮಾತು ಕೇಳಿ. ಏನು ಇಡಬೇಕು? ಎಷ್ಟು ಡಿಗ್ರಿಯಲ್ಲಿ? ಎಷ್ಟು ದಿನ? ಕರೆಂಟ್ ಹೋದರೆ ಗತಿಯೇನು? ಬೆಲೆ ಕೇಳುವುದು ಐದನೆಯದು.

ಗುರುಗಳ ಅಪ್ಪಣೆಯಾದರೆ, ಈ ಬೇಸಿಗೆಯ ಮುನ್ನ ಶಾಲೆಯ ಹಿತ್ತಲಲ್ಲಿ ಅಂಥದೊಂದು ಕೋಣೆ ಕಟ್ಟಿಕೊಡುತ್ತೇನೆ. ಮೊದಲ ಬುಟ್ಟಿ ಲಿಂಬೆ ಅಣ್ಣನ ತೋಟದ್ದು. ದಿನವೂ ಥರ್ಮಾಮೀಟರ್ ನೋಡಿ ಬರೆದಿಡುವ ಕೆಲಸ ನಿಮ್ಮದು. ಗಣಿತದಲ್ಲಿ ನಪಾಸಾದವರಿಗೆ ಮೊದಲ ಪಾಳಿ.